ಚಾರ್ಲ್ಸ್ ಗುಡ್‌ಇಯರ್ : ರಬ್ಬರನ್ನು ಪಳಗಿಸಿದ ಸಾಲಗಾರ

ಮಹಾಪುರುಷರ ಜೀವನಚರಿತ್ರೆ ಎಂದೊಡನೆ ನಮ್ಮ ಮನಸ್ಸು ಅರಸರ ಕಡೆಗೆ, ದಂಡನಾಯಕರ ಕಡೆಗೆ, ಕವಿಗಳ ಕಡೆಗೆ ಹೊರಳುವದು. ಬಾದಾಮಿಯ ಗುಹೆಗಳ ಮುಂದೆ ನಿಂತವರಿಗೆ ಮಂಗಳೇಶನ ಹೆಸರು, ಪುಲಿಕೇಶಿಯ ಹೆಸರು ನೆನಪಾಗುವದೇ ಹೊರತು ಆ ಕಲ್ಲನ್ನು ಕಡಿದ ಉಳಿಗಳಿಗೆ ಹದ ಕೊಟ್ಟ ಕಮ್ಮಾರನಾರು ಎಂಬ ವಿಚಾರ ಬರುವದಿಲ್ಲ. ಇದು ಲೋಕದ ರೂಢಿ. ಆದರೆ ನಾವು ದಿನವೂ ಮುಟ್ಟುವ, ಮೆಟ್ಟುವ, ಏರಿ ಕುಳಿತುಕೊಳ್ಳುವ ವಸ್ತುಗಳ ಹಿಂದೆಯೂ ಒಂದೊಂದು ಜೀವನವಿದೆ. ಅಂಥವುಗಳಲ್ಲಿ ಒಂದನ್ನು ನನ್ನ ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡಬೇಕೆಂಬುದೇ ಈ ಲೇಖನದ ಉದ್ದೇಶ. ಆ ಪುರುಷನ ಹೆಸರು ಚಾರ್ಲ್ಸ್ ಗುಡ್‌ಇಯರ್. ಲಾರಿಯ ಗಾಲಿಯ ಮೇಲೆ ಆ ಹೆಸರನ್ನು ಓದದವರು ವಿರಳ; ಆ ಹೆಸರಿನ ಮನುಷ್ಯನ ಕಥೆಯನ್ನು ಬಲ್ಲವರು ಇನ್ನೂ ವಿರಳ.

ಕಲಾ ವಿಭಾಗದ ವಿದ್ಯಾರ್ಥಿಗೆ ರಬ್ಬರಿನ ಗೊಡವೆ ಯಾಕೆಂದು ಯಾರಾದರೂ ಕೇಳಬಹುದು. ಇಳಕಲ್ಲಿನಲ್ಲಿ ನನ್ನ ಸೋದರಮಾವನವರದೊಂದು ಸಣ್ಣ ಗ್ಯಾರೇಜಿದೆ. ರಜೆಯಲ್ಲಿ ನಾನು ಅವರ ಕೈಕೆಳಗೆ ಕೆಲಸಕ್ಕೆ ನಿಲ್ಲುತ್ತೇನೆ. ಹುನಗುಂದ, ಬಾಗಲಕೋಟೆ, ಬಾದಾಮಿಗಳಿಂದ ಅಲ್ಲಿಗೆ ಹಳೆಯ ಅಂಬಾಸಡರ್, ಫಿಯಾಟ್, ಜೀಪುಗಳು ಬರುತ್ತವೆ. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಫಿಯಾಟಿನದು ಅದಕ್ಕೂ ಮೊದಲೇ ನಿಂತಿತ್ತು. ಆದರೂ ತಂದೆಯ ಕಾಲದ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸು ಬಾರದವರು ಅದನ್ನು ಮತ್ತೆ ಓಡುವಂತೆ ಮಾಡಿಸುತ್ತಾರೆ. ಧರ್ಮಸ್ಥಳದ ಸಂಗ್ರಹದಲ್ಲಿರುವ ಹಳೆಯ ಕಾರುಗಳಾಗಲಿ, 1960ರ ದಶಕದ ಭಾರಿ ಎಂಜಿನ್ನಿನ ಕಾರುಗಳನ್ನು ಅಮೇರಿಕದವರು ಹೊಸದಾಗಿ ಸಜ್ಜುಗೊಳಿಸುವದಾಗಲಿ, ಕೆಲಸದ ಮೊದಲ ಪಾಠ ಎಲ್ಲೆಡೆಗೂ ಒಂದೇ. ಎಂಜಿನ್ನಿನ ಎರಕದ ಕಬ್ಬಿಣ ಅರ್ಧ ಶತಮಾನ ಮಲಗಿದ್ದರೂ ತಡೆದುಕೊಂಡೀತು. ನಿಂತಲ್ಲಿಯೇ ಸಾಯುವವು ಎರಡು: ರಬ್ಬರಿನ ಸೀಲುಗಳು ಮತ್ತು ಬ್ಯಾಟರಿ. ಗಾಡಿ ಓಡಿದರೆ ಇವು ಸವೆಯುತ್ತವೆ, ಓಡದಿದ್ದರೂ ಕೆಡುತ್ತವೆ. ಈ ಎರಡರ ಮೂಲವನ್ನು ಹುಡುಕುತ್ತ ಹೋದರೆ ನಾವು ಒಂದೇ ಮನೆತನದ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಚಾರ್ಲ್ಸ್ ಗುಡ್‌ಇಯರ್ 1800ನೆಯ ಇಸವಿಯ ಡಿಸೆಂಬರ್ 29ರಂದು ಅಮೇರಿಕದ ಕನೆಕ್ಟಿಕಟ್ ಪ್ರಾಂತದ ನ್ಯೂ ಹೇವನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಅಮಾಸ ಗುಡ್‌ಇಯರ್ ಒಕ್ಕಲುತನದ ಸಲಕರಣೆ, ಗುಂಡಿ ಮೊದಲಾದ ಲೋಹದ ಸಾಮಾನುಗಳನ್ನು ಮಾಡಿ ಮಾರುವವನು. ಮಗನೂ ಅದೇ ವ್ಯಾಪಾರವನ್ನು ಕಲಿತನು. ದೊಡ್ಡ ವಿದ್ಯಾಲಯದ ಮೆಟ್ಟಿಲನ್ನು ಅವನು ಹತ್ತಲಿಲ್ಲ. ರಸಾಯನಶಾಸ್ತ್ರದ ಒಂದು ಅಕ್ಷರವನ್ನೂ ಗುರುಮುಖದಿಂದ ಕಲಿಯಲಿಲ್ಲ. 1824ರಲ್ಲಿ ಕ್ಲಾರಿಸ್ಸಾ ಬೀಚರ್ ಎಂಬವಳನ್ನು ಮದುವೆಯಾದನು. ಎರಡು ವರ್ಷಗಳ ತರುವಾಯ ಫಿಲಡೆಲ್ಫಿಯದಲ್ಲಿ ಕಬ್ಬಿಣ ಸಾಮಾನಿನ ಅಂಗಡಿಯನ್ನಿಟ್ಟನು. ಮೊದಲು ವ್ಯಾಪಾರ ಚೆನ್ನಾಗಿ ನಡೆಯಿತು. ಆದರೆ ಉದ್ರಿ ಕೊಟ್ಟದ್ದು ತಿರುಗಿ ಬರಲಿಲ್ಲ. 1830ರ ಸುಮಾರಿಗೆ ಅಂಗಡಿ ಮುಳುಗಿತು. ಆಗಿನ ಕಾಯಿದೆಯಂತೆ ಸಾಲ ತೀರಿಸಲಾರದವನನ್ನು ಸೆರೆಮನೆಗೆ ಹಾಕಬಹುದಾಗಿತ್ತು. ಅಲ್ಲಿಂದ ಮುಂದೆ ಅವನ ಬಾಳಿನಲ್ಲಿ ಸೆರೆಮನೆಯು ಬೇಡವಾದ ನೆಂಟನಂತೆ ಮತ್ತೆ ಮತ್ತೆ ಬರುತ್ತಲೇ ಇತ್ತು.

ಇಲ್ಲಿ ರಬ್ಬರಿನ ಸ್ಥಿತಿ ಆಗ ಹೇಗಿತ್ತೆಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ದಕ್ಷಿಣ ಅಮೇರಿಕದ ಕಾಡಿನ ಗಿಡವೊಂದರ ಹಾಲು ಹೆಪ್ಪುಗಟ್ಟಿದರೆ ಅದೇ ರಬ್ಬರು. ಇಂದು ನಮ್ಮ ರಾಜ್ಯದ ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ತೋಟಗಳಲ್ಲಿ ಚಿಪ್ಪುಗಳಿಗೆ ತೊಟ್ಟಿಕ್ಕುವ ಹಾಲೂ ಅದೇ ಗಿಡದ್ದು. ಪೆನ್ಸಿಲಿನ ಗೆರೆಯನ್ನು ಅದು ಉಜ್ಜಿ ಅಳಿಸಬಲ್ಲುದೆಂದು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1770ರಲ್ಲಿ ಬರೆದನು. ಉಜ್ಜುವ ಗುಣದಿಂದಲೇ ಅದಕ್ಕೆ ಆ ಹೆಸರು ನಿಂತಿತು. ಅದರಲ್ಲಿ ನೀರು ಇಳಿಯದು. ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುವದು. ಇಷ್ಟು ಗುಣಗಳಿದ್ದ ವಸ್ತುವಿನಿಂದ 1830ರ ಸುಮಾರಿಗೆ ಅಮೇರಿಕದಲ್ಲಿ ಬೂಟು, ಕೋಟು, ಚೀಲಗಳನ್ನು ಮಾಡುವ ಕಾರಖಾನೆಗಳು ಎದ್ದವು. ಜನರು ಮುಗಿಬಿದ್ದು ಕೊಂಡರು. ಆದರೆ ಚಳಿಗಾಲದಲ್ಲಿ ಆ ಬೂಟುಗಳು ಕಲ್ಲಿನಂತೆ ಸೆಟೆದು ಬಿರಿದವು. ಬೇಸಿಗೆಯಲ್ಲಿ ಬೆಲ್ಲದ ಪಾಕದಂತೆ ಕರಗಿ ನಾರಹತ್ತಿದವು. ನಮ್ಮ ಬಾಗಲಕೋಟೆಯ ಚೈತ್ರ-ವೈಶಾಖದ ಬಿಸಿಲಿನಲ್ಲಿ ಅವುಗಳ ಗತಿ ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು.

1834ರಲ್ಲಿ ಗುಡ್‌ಇಯರ್ ನ್ಯೂಯಾರ್ಕಿನಲ್ಲಿ ರಾಕ್ಸ್‌ಬರಿ ರಬ್ಬರ್ ಕಂಪನಿಯ ಅಂಗಡಿಯನ್ನು ಹೊಕ್ಕನು. ನೀರಿನಲ್ಲಿ ಮುಳುಗದಂತೆ ಜನರನ್ನು ಕಾಯುವ ರಬ್ಬರಿನ ಗಾಳಿಚೀಲವನ್ನು ಕಂಡು, ಅದಕ್ಕೊಂದು ಉತ್ತಮವಾದ ವಾಲ್ವನ್ನು ತಯಾರಿಸಿ ತಿರುಗಿ ತಂದು ತೋರಿಸಿದನು. ಅಂಗಡಿಯ ಮುಖ್ಯಸ್ಥನು ವಾಲ್ವನ್ನು ಮೆಚ್ಚಿದನು, ಆದರೆ ಕೊಳ್ಳಲಿಲ್ಲ. ದೋಷವಿದ್ದದ್ದು ವಾಲ್ವಿನಲ್ಲಲ್ಲ, ರಬ್ಬರಿನಲ್ಲೇ ಎಂದು ಅವನು ಗುಟ್ಟಾಗಿ ಹೇಳಿದನು. ಮಾರಿದ ಮಾಲೆಲ್ಲ ಕರಗಿ ತಿರುಗಿ ಬಂದು, ದುರ್ನಾತ ತಾಳಲಾರದೆ ಅದನ್ನು ಕುಣಿಯಲ್ಲಿ ಹೂಳಿದ್ದರು. ಬೇರೆಯವನಾಗಿದ್ದರೆ ಈ ಮಾತನ್ನು ಕೇಳಿ ರಬ್ಬರಿಗೆ ಕೈಮುಗಿದು ಹೋಗುತ್ತಿದ್ದನು. ಗುಡ್‌ಇಯರ್ ಮಾತ್ರ ಆ ದಿನದಿಂದ ಸಾಯುವ ವರೆಗೆ ರಬ್ಬರಿನ ಬೆನ್ನು ಬಿಡಲಿಲ್ಲ.

ಫಿಲಡೆಲ್ಫಿಯಕ್ಕೆ ಮರಳಿದೊಡನೆ ಸಾಲಕ್ಕಾಗಿ ಅವನನ್ನು ಹಿಡಿದು ಸೆರೆಮನೆಗೆ ಹಾಕಿದರು. ಅವನು ಹೆಂಡತಿಯಿಂದ ಹಸಿ ರಬ್ಬರಿನ ಗಟ್ಟಿಯನ್ನೂ ಮನೆಯ ಲಟ್ಟಣಿಗೆಯನ್ನೂ ತರಿಸಿಕೊಂಡನು. ಚಪಾತಿ ಲಟ್ಟಿಸುವ ಕೋಲಿನಿಂದ ಸೆರೆಮನೆಯಲ್ಲಿ ರಬ್ಬರನ್ನು ನಾದಿ, ಲಟ್ಟಿಸಿ, ಅದರಲ್ಲಿ ಏನನ್ನು ಬೆರೆಸಿದರೆ ಅಂಟು ಹೋದೀತೆಂದು ನೋಡಹತ್ತಿದನು. ರಬ್ಬರು ಅಂಟಂಟಾಗಿರುವದರಿಂದ ಒಣ ಪುಡಿಯೊಂದನ್ನು ಬೆರೆಸಿದರೆ ಅಂಟು ಹೀರಿಕೊಂಡೀತೆಂಬುದೇ ಅವನ ತರ್ಕ. ರೊಟ್ಟಿ ಬಡಿಯುವಾಗ ನಮ್ಮ ಅವ್ವಂದಿರು ಹಿಟ್ಟು ಉದುರಿಸುವ ತರ್ಕಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಮ್ಯಾಗ್ನೇಶಿಯದ ಪುಡಿಯನ್ನು ಬೆರೆಸಿ, ಹೊರಗೆ ಬಂದ ಮೇಲೆ ಮನೆಮಂದಿಯನ್ನು ಕೂಡಿಸಿಕೊಂಡು ನೂರಾರು ಜೊತೆ ಬೂಟುಗಳನ್ನು ಮಾಡಿದನು. ಬೇಸಿಗೆ ಬಂದೊಡನೆ ಅವೂ ಕರಗಿದವು.

ಇದಾದ ಮೇಲೆ ಸುಣ್ಣದ ಸರದಿ. ಮ್ಯಾಗ್ನೇಶಿಯ ಬೆರೆಸಿದ ರಬ್ಬರನ್ನು ಸುಣ್ಣದ ನೀರಿನಲ್ಲಿ ಕುದಿಸಿದಾಗ ಅಂಟು ಮಾಯವಾಯಿತು. ನ್ಯೂಯಾರ್ಕಿನ ಸಂಸ್ಥೆಯೊಂದು ಅವನಿಗೆ ಪದಕವನ್ನೂ ಕೊಟ್ಟಿತು. ಆದರೆ ಹಣ್ಣಿನ ರಸದಂಥ ಸೌಮ್ಯವಾದ ಹುಳಿಯ ಒಂದು ಹನಿ ಬಿದ್ದರೂ ಸಾಕು, ಸುಣ್ಣದ ಗುಣ ಅಳಿದು ರಬ್ಬರು ಮೊದಲಿನಂತೆ ಅಂಟಾಗುತ್ತಿತ್ತು. ಮುಂದೆ ನೈಟ್ರಿಕ್ ಆಮ್ಲದ ಸರದಿ ಬಂದಿತು. ರಬ್ಬರಿನ ಮೇಲೆ ಬಳಿದ ಬಣ್ಣವನ್ನು ತೆಗೆಯಲು ಆಮ್ಲವನ್ನು ಹಚ್ಚಿದಾಗ ತುಂಡು ಕಪ್ಪಾಯಿತು, ಕೆಟ್ಟಿತೆಂದು ಎಸೆದನು. ಕೆಲವು ದಿನಗಳ ಮೇಲೆ ಏನೋ ಹೊಳೆದು ಅದನ್ನೇ ಹೆಕ್ಕಿ ನೋಡಿದರೆ ಮೇಲ್ಮೈ ನುಣುಪಾಗಿ, ಅಂಟಿಲ್ಲದೆ ಇತ್ತು. ಆ ಪ್ರಯೋಗದ ವಿಷಗಾಳಿಯನ್ನು ಮುಚ್ಚಿದ ಕೋಣೆಯಲ್ಲಿ ಸೇವಿಸಿ ಒಮ್ಮೆ ಸಾವಿನ ಬಾಗಿಲ ವರೆಗೆ ಹೋಗಿ ಬಂದನು. ಈ ಬಗೆಯ ರಬ್ಬರಿಗೆ ಹಣ ಹಾಕುವ ಪಾಲುದಾರನೂ ದೊರೆತನು. ಅಷ್ಟರಲ್ಲಿ 1837ರ ದೊಡ್ಡ ಆರ್ಥಿಕ ಕುಸಿತ ಬಂದು ಪಾಲುದಾರನು ನೆಲಕಚ್ಚಿದನು. ಗುಡ್‌ಇಯರ್ ಮನೆಮಂದಿಯೊಂದಿಗೆ ಪಾಳುಬಿದ್ದ ರಬ್ಬರ್ ಕಾರಖಾನೆಯಲ್ಲಿ ಇದ್ದುಕೊಂಡು, ಹತ್ತಿರದ ನೀರಿನಲ್ಲಿ ಮೀನು ಹಿಡಿದು ಹೊಟ್ಟೆ ಹೊರೆದನು.

ಅಲ್ಲಿಂದ ಅವನು ಮ್ಯಾಸಚೂಸೆಟ್ಸ್ ಪ್ರಾಂತಕ್ಕೆ ಹೋದನು. ಅಲ್ಲಿ ಕಾರಖಾನೆಯ ಕೆಲಸಗಾರನಾಗಿದ್ದ ನಥಾನಿಯಲ್ ಹೇವರ್ಡ್ ಎಂಬವನು ರಬ್ಬರಿಗೆ ಗಂಧಕ ಬೆರೆಸಿ ಬಿಸಿಲಿನಲ್ಲಿ ಒಣಗಿಸುವ ರೀತಿಯನ್ನು ಕಂಡುಕೊಂಡಿದ್ದನು. ಗುಡ್‌ಇಯರ್ ಅದರ ಹಕ್ಕನ್ನು ಅವನಿಂದ ಕೊಂಡುಕೊಂಡನು. ಗಂಧಕದಿಂದ ಮೇಲ್ಮೈಯ ಅಂಟು ಹೋಗುತ್ತಿತ್ತು, ಒಳಭಾಗ ಮಾತ್ರ ಹಾಗೆಯೇ ಉಳಿಯುತ್ತಿತ್ತು. ಸರಕಾರದ ಅಂಚೆ ಇಲಾಖೆಯಿಂದ 150 ಟಪಾಲು ಚೀಲಗಳ ಆರ್ಡರು ಬಂದಾಗ ಗುಡ್‌ಇಯರ್ ಅವುಗಳನ್ನು ಮಾಡಿ ಬೆಚ್ಚಗಿನ ಕೋಣೆಯಲ್ಲಿ ತೂಗುಹಾಕಿ ಊರಿಗೆ ಹೋದನು. ಬಂದು ನೋಡಿದರೆ ಚೀಲಗಳೆಲ್ಲ ಕರಗಿ ಜೋತುಬಿದ್ದಿದ್ದವು. ಇದಾದ ಮೇಲೆ ಅವನ ಮೇಲೆ ಯಾರಿಗೂ ವಿಶ್ವಾಸ ಉಳಿಯಲಿಲ್ಲ. ರಬ್ಬರಿನ ಟೊಪ್ಪಿಗೆ, ರಬ್ಬರಿನ ಕೋಟು, ರಬ್ಬರಿನ ಬೂಟು ತೊಟ್ಟು ಅಲೆಯುವ ಇವನನ್ನು ಜನರು ಹುಚ್ಚನೆಂದರು.

1839ರ ಚಳಿಗಾಲದಲ್ಲಿ, ವೋಬರ್ನ್ ಎಂಬ ಊರಿನಲ್ಲಿ, ಗಂಧಕ ಬೆರೆಸಿದ ರಬ್ಬರಿನ ತುಂಡೊಂದು ಕಾಯ್ದ ಒಲೆಯ ಮೇಲೆ ತಗುಲಿತು. ಕಾವಿಗೆ ಕರಗುವದೇ ರಬ್ಬರಿನ ಸ್ವಭಾವ. ಆದರೆ ಈ ತುಂಡು ಕರಗದೆ ತೊಗಲಿನಂತೆ ಸುಟ್ಟು ಕರಿಕಾಯಿತು. ಸುಟ್ಟ ಅಂಚಿಗೂ ಸುಡದ ಭಾಗಕ್ಕೂ ನಡುವೆ ಒಂದು ಪಟ್ಟಿ ಮಾತ್ರ ಅಂಟಿಲ್ಲದೆ, ಮೆತ್ತಗೆ, ಎಳೆದರೆ ಹಿಗ್ಗುವಂತೆ ಉಳಿದಿತ್ತು. ಆ ತುಂಡನ್ನು ರಾತ್ರಿಯೆಲ್ಲ ಹೊರಗೆ ಕೊರೆಯುವ ಚಳಿಯಲ್ಲಿ ಮೊಳೆ ಹೊಡೆದು ಇಟ್ಟನು. ಬೆಳಿಗ್ಗೆ ನೋಡಿದರೆ ಅದು ಸೆಟೆದಿರಲಿಲ್ಲ. ಕಾವಿಗೆ ಕರಗದ, ಚಳಿಗೆ ಬಿರಿಯದ ರಬ್ಬರು ಜಗತ್ತಿಗೆ ದೊರೆತಿತ್ತು.

ಇದನ್ನು ಕೇವಲ ದೈವಯೋಗವೆಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಗುಡ್‌ಇಯರ್ ತಾನೇ ಮುಂದೆ ಬರೆದ ಗ್ರಂಥದಲ್ಲಿ ಈ ಮಾತನ್ನು ಒಪ್ಪುವದಿಲ್ಲ; ಸಿದ್ಧವಾದ ಮನಸ್ಸಿಗೆ ಮಾತ್ರ ಇಂಥ ಘಟನೆಯ ಅರ್ಥ ಹೊಳೆಯುವದೆಂಬುದು ಅವನ ಅಭಿಪ್ರಾಯ. ನನಗೂ ಇದೇ ಸರಿಯೆಂದು ತೋರುತ್ತದೆ. ಒಲೆಯ ಮೇಲೆ ರಬ್ಬರು ಬಿದ್ದದ್ದು ಆಕಸ್ಮಿಕವಿರಬಹುದು. ಆದರೆ ಐದು ವರ್ಷ ಬಿಡದೆ ಅದನ್ನೇ ನಾದಿದ ಕೈ ಒಲೆಯ ಬಳಿ ಇದ್ದದ್ದು ಆಕಸ್ಮಿಕವಲ್ಲ. ರೊಟ್ಟಿ ಸೀದಂತೆ ಸೀದ ಅಂಚನ್ನು ಬಿಟ್ಟು ಅದರ ಪಕ್ಕದ ಪಟ್ಟಿಯನ್ನು ನೋಡಿದ ಕಣ್ಣೂ ಆಕಸ್ಮಿಕವಲ್ಲ.

ಒಲೆಯ ಮೇಲೆ ಏನು ನಡೆಯಿತೆಂಬುದು ಅವನಿಗೆ ತಿಳಿದಿರಲಿಲ್ಲ. ಇಪ್ಪತ್ತನೆಯ ಶತಮಾನದ ವರೆಗೆ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ರಬ್ಬರಿನ ಅಣುಗಳು ಉದ್ದನೆಯ ಎಳೆಗಳಂತಿರುತ್ತವೆ. ಹಸಿ ರಬ್ಬರಿನಲ್ಲಿ ಈ ಎಳೆಗಳು ಒಂದರ ಮೇಲೊಂದು ಸಡಿಲವಾಗಿ ಬಿದ್ದಿರುವದರಿಂದ ಕಾವು ತಗುಲಿದರೆ ಜಾರಿಹೋಗುತ್ತವೆ. ಗಂಧಕವು ಕಾವಿನ ಸಹಾಯದಿಂದ ಒಂದು ಎಳೆಯನ್ನು ಇನ್ನೊಂದಕ್ಕೆ ಅಲ್ಲಲ್ಲಿ ಕಟ್ಟುತ್ತದೆ. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸುವದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಕುಣಿಕೆ ಬಿದ್ದ ಮೇಲೆ ಎಳೆಗಳು ಹಿಗ್ಗಬಹುದು, ಆದರೆ ಬಿಟ್ಟುಹೋಗಲಾರವು. ನೂರು ಭಾಗ ರಬ್ಬರಿಗೆ ಎರಡು-ಮೂರು ಭಾಗ ಗಂಧಕವಿದ್ದರೆ ಮೆತ್ತನೆಯ ರಬ್ಬರು. ಗಂಧಕವನ್ನು ಮೂವತ್ತು-ನಲವತ್ತು ಭಾಗಕ್ಕೆ ಏರಿಸಿದರೆ ಕುಣಿಕೆಗಳು ಒತ್ತಾಗಿ ಬಿದ್ದು ಕರಿಯ ಕಲ್ಲಿನಂಥ ಗಟ್ಟಿ ರಬ್ಬರು. ಈ ಎರಡನೆಯದರ ಮಾತು ಮುಂದೆ ಬರುವದು.

ಗುಟ್ಟು ಕೈಗೆ ಸಿಕ್ಕಿತು. ಆದರೆ ಎಷ್ಟು ಕಾವು, ಎಷ್ಟು ಹೊತ್ತು, ಎಷ್ಟು ಗಂಧಕ ಎಂಬುದನ್ನು ನಿಶ್ಚಯಿಸಲು ಇನ್ನೂ ನಾಲ್ಕೈದು ವರ್ಷಗಳು ಹಿಡಿದವು. ಹೆಂಡತಿ ರೊಟ್ಟಿ ಬೇಯಿಸಿದ ಒಲೆಯಲ್ಲಿಯೇ ಆಮೇಲೆ ರಬ್ಬರನ್ನು ಬೇಯಿಸಿದನು. ಕಾರಖಾನೆಗಳವರನ್ನು ಬೇಡಿ ಅವರ ಒಲೆಗಳನ್ನು ಕೆಲಸದ ಹೊತ್ತು ಮುಗಿದ ಮೇಲೆ ಬಳಸಿದನು. ಕೊನೆಗೆ ಸುಮಾರು 270 ಫ್ಯಾರನ್‌ಹೈಟ್, ಎಂದರೆ 132 ಸೆಂಟಿಗ್ರೇಡ್ ಕಾವಿನ ಒತ್ತಡದ ಉಗಿಯಲ್ಲಿ ನಾಲ್ಕರಿಂದ ಆರು ತಾಸು ಬೇಯಿಸಿದರೆ ಹದ ಬರುವದೆಂದು ಕಂಡುಕೊಂಡನು.

ಈ ವರ್ಷಗಳೇ ಅವನ ಮನೆಯವರಿಗೆ ಅತ್ಯಂತ ಕಠಿಣವಾದವು. ಮನೆಯ ಸಾಮಾನುಗಳು ಒಂದೊಂದಾಗಿ ಒತ್ತೆ ಬಿದ್ದವು. ಹನ್ನೆರಡು ಮಕ್ಕಳಲ್ಲಿ ಆರು ಮಕ್ಕಳು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡವು. ಎರಡು ವರ್ಷದ ಮಗನೊಬ್ಬನು ಸತ್ತಾಗ ಮಣ್ಣು ಮಾಡುವದಕ್ಕೂ ಕೈಯಲ್ಲಿ ಹಣವಿರಲಿಲ್ಲವೆಂದು ಅವನ ಜೀವನವನ್ನು ಬರೆದವರು ಹೇಳುತ್ತಾರೆ. ಒಮ್ಮೆ ಬೇರೆ ಏನೂ ಉಳಿಯದೆ ಅವನು ಮಕ್ಕಳ ಶಾಲೆಯ ಪುಸ್ತಕಗಳನ್ನು ಮಾರಿದನು. ಐದು ಡಾಲರು ಬಂದವು.

ಈ ಸಂಗತಿಯನ್ನು ಓದಿದಾಗ ನಾನು ಮುಂದೆ ಓದದೆ ಪುಸ್ತಕವನ್ನು ಮುಚ್ಚಿಟ್ಟೆನು. ನಮ್ಮ ಮನೆತನದಲ್ಲಿ ಪದವಿಯ ಕಡೆಯ ವರ್ಷದ ವರೆಗೆ ಬಂದವನು ನಾನೇ ಮೊದಲಿಗ. ನನ್ನ ಪುಸ್ತಕ ಹಾಗೂ ಫೀಯ ಸಲುವಾಗಿ ಅವ್ವ ತನ್ನ ಬೆಂಡೋಲೆಗಳನ್ನು ಎರಡು ಸಲ ಒತ್ತೆಯಿಟ್ಟಿದ್ದಾಳೆ. ನಮ್ಮ ಕಾಲೇಜಿನಲ್ಲಿ ಇಂಥ ಮನೆಗಳಿಂದ ಬಂದವರು ನಾನೊಬ್ಬನೇ ಅಲ್ಲ. ಪುಸ್ತಕಕ್ಕಾಗಿ ಒಡವೆ ಹೋಗುವದನ್ನು ನಾವು ಬಲ್ಲೆವು. ಪ್ರಯೋಗಕ್ಕಾಗಿ ಮಕ್ಕಳ ಪುಸ್ತಕ ಹೋಗುವದನ್ನು ಹೇಗೆ ಮೆಚ್ಚುವದು? ಮಹಾಪುರುಷರ ಚರಿತ್ರೆಗಳನ್ನು ಬರೆಯುವವರು ಇಂಥ ಸಂಗತಿಗಳನ್ನು ತ್ಯಾಗದ ಲೆಕ್ಕಕ್ಕೆ ಹಾಕುತ್ತಾರೆ. ತ್ಯಾಗ ಹೌದು, ಆದರೆ ಯಾರದು? ಗುಡ್‌ಇಯರ್ ತನ್ನ ಊಟವನ್ನು ಬಿಟ್ಟದ್ದು ಅವನ ತ್ಯಾಗ. ಮಕ್ಕಳ ಪುಸ್ತಕ ಹೋದದ್ದು ಮಕ್ಕಳ ಹಾನಿ. ಅವರನ್ನು ಯಾರೂ ಕೇಳಿರಲಿಲ್ಲ. ಅವನ ಶೋಧವನ್ನು ಗೌರವಿಸುತ್ತಲೇ ಇಷ್ಟನ್ನು ಹೇಳದೆ ಇರಲಾರೆನು. ಕ್ಲಾರಿಸ್ಸಾ ಇದನ್ನೆಲ್ಲ ಹೇಗೆ ಸಹಿಸಿದಳೆಂಬುದೇ ಒಂದು ಬೇರೆ ಚರಿತ್ರೆಯಾದೀತು. ಸೆರೆಮನೆಗೆ ಲಟ್ಟಣಿಗೆ ಮುಟ್ಟಿಸಿದವಳು ಅವಳು. ಗಂಡನ ರಬ್ಬರಿಗೆ ತನ್ನ ಒಲೆಯನ್ನು ಬಿಟ್ಟುಕೊಟ್ಟವಳೂ ಅವಳೇ.

1844ರ ಜೂನ್ 15ರಂದು ಅವನಿಗೆ ಅಮೇರಿಕದ 3633ನೆಯ ಪೇಟೆಂಟು ದೊರೆಯಿತು. ಆದರೆ ಭಾಗ್ಯ ಇಲ್ಲಿಯೂ ಅರ್ಧವೇ ತೆರೆಯಿತು. ಹಣ ಹಾಕುವವರು ದೊರೆತಾರೆಂದು ಅವನ ರಬ್ಬರಿನ ತುಂಡುಗಳನ್ನು ಮೊದಲೇ ಇಂಗ್ಲೆಂಡಿಗೆ ಒಯ್ದಿದ್ದರು. ಅವು ಥಾಮಸ್ ಹ್ಯಾನ್‌ಕಾಕ್ ಎಂಬ ರಬ್ಬರ್ ಉದ್ಯಮಿಯ ಕೈ ಸೇರಿದವು. ಹ್ಯಾನ್‌ಕಾಕನು ಇಪ್ಪತ್ತು ವರ್ಷ ಈ ಉದ್ಯೋಗದಲ್ಲಿ ನುರಿತವನು. ಆ ತುಂಡುಗಳಲ್ಲಿ ಗಂಧಕದ ಸುಳಿವನ್ನು ಕಂಡು ತಾನೂ ಪ್ರಯೋಗ ಮಾಡಿ, ಇಂಗ್ಲೆಂಡಿನಲ್ಲಿ 1843ರಲ್ಲಿಯೇ ಪೇಟೆಂಟಿಗೆ ಅರ್ಜಿ ಹಾಕಿದನು. ಗುಡ್‌ಇಯರ್‌ನ ಅರ್ಜಿ ಅಲ್ಲಿಗೆ ಕೆಲವೇ ವಾರಗಳಷ್ಟು ತಡವಾಗಿ ಮುಟ್ಟಿತು. ಈ ಕ್ರಿಯೆಗೆ ರೋಮನ್ನರ ಅಗ್ನಿದೇವತೆಯ ಹೆಸರಿನಿಂದ ವಲ್ಕನೀಕರಣವೆಂಬ ನಾಮಕರಣವಾದದ್ದು ಸಹ ಹ್ಯಾನ್‌ಕಾಕನ ಗೆಳೆಯನಿಂದ. ಇತ್ತ ಅಮೇರಿಕದಲ್ಲಿ ಪೇಟೆಂಟನ್ನು ಕದ್ದು ಬಳಸುವವರ ಮೇಲೆ ದಾವೆಗಳು ನಡೆದವು. 1852ರಲ್ಲಿ ಟ್ರೆಂಟನ್ ನಗರದ ನ್ಯಾಯಾಲಯದಲ್ಲಿ ಅವನ ಪಕ್ಷದಿಂದ ವಾದಿಸಿದವನು ಡ್ಯಾನಿಯಲ್ ವೆಬ್‌ಸ್ಟರ್. ಆಗ ಅವನು ಅಮೇರಿಕದ ವಿದೇಶಾಂಗ ಮಂತ್ರಿಯೂ ಆಗಿದ್ದನು. ಅವನ ಫೀ 15,000 ಡಾಲರು. ದಾವೆ ಗೆದ್ದಿತು, ಗುಡ್‌ಇಯರ್‌ನ ಕಿಸೆ ಮಾತ್ರ ತುಂಬಲಿಲ್ಲ. ಅವನು ಉತ್ಪಾದನೆಯ ಹಕ್ಕುಗಳನ್ನು ಬಹಳ ಅಗ್ಗವಾಗಿ ಹಂಚಿದ್ದನು. ಬಂದದ್ದನ್ನೆಲ್ಲ ಮತ್ತೆ ಪ್ರಯೋಗಕ್ಕೆ, ಪ್ರದರ್ಶನಕ್ಕೆ ಸುರಿಯುತ್ತಿದ್ದನು.

1851ರ ಲಂಡನ್ ಮಹಾಪ್ರದರ್ಶನದಲ್ಲಿ 30,000 ಡಾಲರು ವೆಚ್ಚ ಮಾಡಿ ಗೋಡೆ, ಪೀಠೋಪಕರಣ, ಆಭರಣಗಳವರೆಗೆ ಎಲ್ಲವನ್ನೂ ರಬ್ಬರಿನಿಂದ ಮಾಡಿ ತೋರಿಸಿದನು. 1853ರಲ್ಲಿ ಕ್ಲಾರಿಸ್ಸಾ ಇಂಗ್ಲೆಂಡಿನಲ್ಲಿಯೇ ತೀರಿಕೊಂಡಳು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಇನ್ನೂ ದೊಡ್ಡ ವೆಚ್ಚ. ಅಷ್ಟರಲ್ಲಿ ಫ್ರಾನ್ಸಿನ ಪೇಟೆಂಟು ರದ್ದಾಗಿ ಆದಾಯ ನಿಂತಿತು. ಸಾಲಗಾರನೆಂದು ಅವನನ್ನು ಪ್ಯಾರಿಸಿನ ಕ್ಲಿಶಿ ಸೆರೆಮನೆಗೆ ಒಯ್ದರು. ಫ್ರೆಂಚ್ ಚಕ್ರವರ್ತಿ ಮೂರನೆಯ ನೆಪೋಲಿಯನ್ ದಯಪಾಲಿಸಿದ ಗೌರವಪದಕವು ಅವನನ್ನು ಹುಡುಕಿಕೊಂಡು ಹೋದದ್ದು ಆ ಸೆರೆಮನೆಗೆ. 1860ರ ಜುಲೈ 1ರಂದು, ಮರಣಶಯ್ಯೆಯಲ್ಲಿದ್ದ ಮಗಳನ್ನು ಕಾಣಲು ಹೊರಟವನು ನ್ಯೂಯಾರ್ಕಿನಲ್ಲಿಯೇ ಪ್ರಾಣ ಬಿಟ್ಟನು. ಅವನ ತಲೆಯ ಮೇಲೆ ಸುಮಾರು 2 ಲಕ್ಷ ಡಾಲರುಗಳ ಸಾಲವಿತ್ತು. ಅವನ ಹೆಸರಿನ ಟಾಯರ್ ಕಂಪನಿ ಹುಟ್ಟಿದ್ದು 1898ರಲ್ಲಿ, ಫ್ರ್ಯಾಂಕ್ ಸೀಬರ್ಲಿಂಗ್ ಎಂಬವನಿಂದ. ಅದಕ್ಕೂ ಗುಡ್‌ಇಯರ್ ಮನೆತನಕ್ಕೂ ಸಂಬಂಧವಿಲ್ಲ. ಗೌರವಾರ್ಥವಾಗಿ ಇಟ್ಟ ಹೆಸರು ಅಷ್ಟೇ.

ಇನ್ನು ಗ್ಯಾರೇಜಿನ ಮಾತಿಗೆ ಬರುವೆನು. ಗಂಧಕದ ಕುಣಿಕೆಗಳು ಶಾಶ್ವತವಲ್ಲ. ಕಾವು, ಗಾಳಿಯ ಆಮ್ಲಜನಕ, ಓಜೋನ್ ಇವುಗಳಿಂದ ವರ್ಷ ಕಳೆದಂತೆ ರಬ್ಬರಿನ ಎಳೆಗಳು ಕೆಲವು ಹರಿದು, ಕೆಲವು ಅತಿಯಾಗಿ ಬಿಗಿದುಕೊಳ್ಳುತ್ತವೆ. ಮೆತ್ತಗಿದ್ದ ಸೀಲು ಗಡುಸಾಗಿ ಬಿರುಕು ಬಿಡುತ್ತದೆ. ಎಂಜಿನ್ನಿನ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತದೆ, ಮಳೆಯ ನೀರು ಗಾಜಿನ ಅಂಚಿನಿಂದ ಒಳಗೆ ಇಳಿಯುತ್ತದೆ. ಹೊಸ ಆಯಿಲ್ ಸೀಲನ್ನು ಕೂಡ್ರಿಸುವಾಗ ಅದರ ಸ್ಪ್ರಿಂಗ್ ಇರುವ ತುಟಿ ಎಣ್ಣೆಯ ಕಡೆಗೆ ಇರಬೇಕು. ತುಟಿಗೆ ಎಣ್ಣೆ ಸವರಿ, ಸುತ್ತಲೂ ಸಮನಾಗಿ ತಟ್ಟಿ ಇಳಿಸಬೇಕು. ಶಾಫ್ಟಿನ ಮೇಲೆ ಹಳೆಯ ಸೀಲು ಗೀಚಿದ ಗುಣಿಯಿದ್ದರೆ ಹೊಸ ಸೀಲೂ ನಿಲ್ಲದು. ಮುಂದಿನ ಗಾಜಿಗೆ ರಬ್ಬರ್ ಕೂಡ್ರಿಸುವ ರೀತಿ ನೋಡಲು ಚೆನ್ನ. ಗಾಜಿನ ಸುತ್ತ ರಬ್ಬರನ್ನು ತೊಡಿಸಿ, ಅದರ ಹೊರಗಾಡಿಯಲ್ಲಿ ಒಂದು ಗಟ್ಟಿ ದಾರವನ್ನು ಸುತ್ತಲೂ ಇಟ್ಟು, ಸಾಬೂನಿನ ನೀರು ಸವರಿ ಗಾಜನ್ನು ಹೊರಗಿನಿಂದ ಚೌಕಟ್ಟಿಗೆ ಒತ್ತಿ ಹಿಡಿಯುತ್ತಾರೆ. ಒಳಗೆ ಕುಳಿತವನು ದಾರವನ್ನು ಮೆಲ್ಲಗೆ ಎಳೆಯುತ್ತ ಬಂದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಕೂಡ್ರುತ್ತದೆ. ಅವಸರ ಮಾಡಿದರೆ ಗಾಜು ಸೀಳುವದು.

ಎಲ್ಲ ಸೀಲುಗಳೂ ಒಂದೇ ರಬ್ಬರಿನವಲ್ಲ ಎಂಬುದನ್ನೂ ತಿಳಿದಿರಬೇಕು. ಗಿಡದ ರಬ್ಬರು ಖನಿಜ ಎಣ್ಣೆಯಲ್ಲಿ ಉಬ್ಬಿ ಕೆಡುತ್ತದೆ. ಆದ್ದರಿಂದ ಎಂಜಿನ್ನಿನ ಎಣ್ಣೆಗೆ 1930ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದ ನೈಟ್ರೈಲ್ ಎಂಬ ಕೃತಕ ರಬ್ಬರು ಬೇಕು. ಬ್ರೇಕಿನ ರಬ್ಬರುಗಳಾದರೋ ಬ್ರೇಕ್ ಎಣ್ಣೆಗೆ ಹೊಂದುವವು. ಅವುಗಳನ್ನು ಪೆಟ್ರೋಲು ಅಥವಾ ಎಂಜಿನ್ ಎಣ್ಣೆಯಿಂದ ತೊಳೆದರೆ ಉಬ್ಬಿ, ಇಳಿಜಾರಿನಲ್ಲಿ ಬ್ರೇಕು ಕೈಕೊಡುವದು. ಹುನಗುಂದದಿಂದ ಬಂದ ಒಂದು ಕಾರಿನ ಬ್ರೇಕು ಪದೇ ಪದೇ ಹಿಡಿದುಕೊಳ್ಳುತ್ತಿತ್ತು. ಮಾವನವರು ಬಿಚ್ಚಿ ನೋಡಿದರೆ, ಹಿಂದೆ ಯಾರೋ ಹಾಕಿದ್ದ ತಪ್ಪು ಎಣ್ಣೆಯಿಂದ ಕಪ್ಪುಗಳೆಲ್ಲ ಅಣಬೆಯಂತೆ ಉಬ್ಬಿದ್ದವು. ಒಂದು ಅಂಗುಲದ ಈ ರಬ್ಬರಿನ ಮೇಲೆ ಐದಾರು ಜೀವಗಳು ನಿಂತಿರುತ್ತವೆಂದು ಅವರು ನನಗೆ ಅಂದು ತೋರಿಸಿಕೊಟ್ಟರು.

ಬ್ಯಾಟರಿಯ ಕಥೆಯಲ್ಲಿಯೂ ಗುಡ್‌ಇಯರ್ ಮನೆತನವಿದೆ. ಮೇಲೆ ಹೇಳಿದ ಗಟ್ಟಿ ರಬ್ಬರಿಗೆ 1851ರಲ್ಲಿ ಪೇಟೆಂಟು ಪಡೆದವನು ಚಾರ್ಲ್ಸನ ತಮ್ಮ ನೆಲ್ಸನ್ ಗುಡ್‌ಇಯರ್. ಎಬೋನೈಟ್ ಎಂದು ಪ್ರಸಿದ್ಧವಾದ ಈ ವಸ್ತುವಿನಲ್ಲಿ ವಿದ್ಯುತ್ತು ಹರಿಯದು. ಬ್ಯಾಟರಿಯ ಗಂಧಕಾಮ್ಲವೂ ಅದನ್ನು ತಿನ್ನಲಾರದು. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಸೀಸದ ಬ್ಯಾಟರಿಯನ್ನು ಕಂಡುಹಿಡಿದನು. 1912ರಲ್ಲಿ ಅಮೇರಿಕದ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದ ಮೇಲೆ ಕಾರಿಗೆ ಬಲವಾದ ಬ್ಯಾಟರಿ ಅನಿವಾರ್ಯವಾಯಿತು. ಪ್ಲಾಸ್ಟಿಕ್ ಬರುವ ವರೆಗೆ ಆ ಬ್ಯಾಟರಿಗಳು ಬಂದದ್ದು ಕರಿಯ ಗಟ್ಟಿ ರಬ್ಬರಿನ ಪೆಟ್ಟಿಗೆಯಲ್ಲಿ. ಹಳೆಯ ಕಾರಿನ ರೂಪ ಕೆಡಬಾರದೆಂದು ಆ ಕರಿಯ ಪೆಟ್ಟಿಗೆಯನ್ನು ಉಳಿಸಿಕೊಂಡು, ಒಳಗೆ ಹೊಸ ಬ್ಯಾಟರಿಯನ್ನು ಅಡಗಿಸಿಡುವವರು ಇಂದಿಗೂ ಇದ್ದಾರೆ.

ಬ್ಯಾಟರಿ ಕೂಡ್ರಿಸುವದರಲ್ಲಿಯೂ ನೇಮಗಳುಂಟು. ಬಿಚ್ಚುವಾಗ ಬಾಡಿಗೆ ಜೋಡಿಸಿದ ಅರ್ತ್ ತಂತಿಯನ್ನು ಮೊದಲು ಬಿಚ್ಚಬೇಕು. ಕೂಡ್ರಿಸುವಾಗ ಅದನ್ನೇ ಕಡೆಗೆ ಬಿಗಿಯಬೇಕು. ಹಳೆಯ ಬ್ರಿಟಿಷ್ ಕಾರುಗಳು ಅನೇಕವುಗಳಲ್ಲಿ ಪಾಸಿಟಿವ್ ತುದಿಯೇ ಬಾಡಿಗೆ ಜೋಡಿಸಿರುತ್ತದೆ. ನೋಡದೆ ಇಂದಿನ ರೂಢಿಯಂತೆ ಹಾಕಿದರೆ ಡೈನಮೊ ಮೊದಲಾದವು ಕೆಡುವವು. 6 ವೋಲ್ಟಿನ ಗಾಡಿಯೋ 12 ವೋಲ್ಟಿನದೋ ನೋಡಿಕೊಳ್ಳಬೇಕು. ಆಮ್ಲದ ಸಾಂದ್ರತೆ ಹೈಡ್ರೋಮೀಟರಿನಲ್ಲಿ 1.260ರಿಂದ 1.280ರ ವರೆಗೆ ಇದ್ದರೆ ಚಾರ್ಜು ತುಂಬಿದೆಯೆಂದು ತಿಳಿಯಬೇಕು. ಚಾರ್ಜು ಇಳಿದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸೀಸದ ತಗಡುಗಳ ಮೇಲೆ ಗಡುಸಾದ ಬಿಳಿಯ ಪದರು ಕಟ್ಟಿ, ತಿರುಗಿ ಚಾರ್ಜು ಹಿಡಿಯದು. ನಲವತ್ತು ಡಿಗ್ರಿ ದಾಟುವ ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಈ ಅವನತಿ ಇನ್ನೂ ಬೇಗ.

ಗುಡ್‌ಇಯರ್ ಸತ್ತಾಗ ಮೋಟಾರು ಕಾರು ಇನ್ನೂ ಹುಟ್ಟಿರಲಿಲ್ಲ. ತನ್ನ ರಬ್ಬರಿನಿಂದ ಆಗಬಹುದಾದ ವಸ್ತುಗಳ ಯಾದಿಯನ್ನು ಅವನು ಗ್ರಂಥದಲ್ಲಿ ಬರೆದಿಟ್ಟನು. ಆದರೆ ಇಳಕಲ್ಲಿನ ಗ್ಯಾರೇಜಿನಲ್ಲಿ ಅದು ಎಣ್ಣೆಯನ್ನೂ ನೀರನ್ನೂ ಗಾಳಿಯನ್ನೂ ಅವುಗಳ ಸ್ಥಾನದಲ್ಲಿ ಹಿಡಿದು ನಿಲ್ಲಿಸುವದೆಂದು ಅವನು ಕನಸಿನಲ್ಲಿಯೂ ಕಂಡಿರಲಾರನು. ಅವನನ್ನು ನಾವು ಹೇಗೆ ತೂಗಬೇಕು? ವ್ಯವಹಾರದ ತಕ್ಕಡಿಯಲ್ಲಿ ಅವನು ಸೋತವನು. ಗೃಹಸ್ಥನ ತಕ್ಕಡಿಯಲ್ಲಿಯೂ ಅವನ ತಟ್ಟೆ ಹಗುರವೇ. ಆದರೆ ಹಿಡಿದ ಕೆಲಸ ಮುಗಿಯುವ ವರೆಗೆ ಅದನ್ನು ಬಿಡದಿರುವದು, ಒಂದು ಸೋಲಿನಿಂದ ಮುಂದಿನ ಪ್ರಯತ್ನಕ್ಕೆ ಬೇಕಾದುದನ್ನು ಕಲಿಯುವದು, ಕೈಯಿಂದ ಮಾಡಿ ನೋಡದ ಹೊರತು ನಂಬದಿರುವದು ಇವುಗಳಲ್ಲಿ ಅವನಿಗೆ ಸರಿಗಟ್ಟುವವರು ಕಡಿಮೆ.

ಓದಿದವರು ಕೈಗೆಲಸವನ್ನೂ ಕೈಗೆಲಸದವರು ಓದನ್ನೂ ಬೇರೆಯವರ ಸೊತ್ತೆಂದು ತಿಳಿಯುವದು ನಮ್ಮಲ್ಲಿ ಹೆಚ್ಚು. ಪದವಿ ಪಡೆದು ಹೊರಬೀಳಲಿರುವ ನಮ್ಮಲ್ಲಿ ಅನೇಕರಿಗೆ ನೌಕರಿ ಬೇಗನೆ ದೊರೆಯದೆ ಹೋಗಬಹುದು. ತಂದೆಯ ಮಗ್ಗಕ್ಕೋ, ಹೊಲಕ್ಕೋ, ಮಾವನ ಗ್ಯಾರೇಜಿಗೋ ಮರಳಬೇಕಾದೀತು. ಹಾಗಾದರೆ ಅದನ್ನು ಸೋಲೆಂದು ಎಣಿಸಬೇಕಾಗಿಲ್ಲ. ನೋಡುವ ಕಣ್ಣನ್ನು ಕಾಲೇಜು ಕೊಟ್ಟಿದ್ದರೆ ಅದು ಅಲ್ಲಿಯೂ ಕೆಲಸಕ್ಕೆ ಬಂದೀತು. ಆದರೆ ನಮ್ಮ ಹಟಕ್ಕಾಗಿ ಮನೆಯಲ್ಲಿ ಯಾರ ಒಡವೆ, ಯಾರ ಪುಸ್ತಕ, ಯಾರ ಊಟ ಹೋಗುತ್ತಿದೆ ಎಂಬ ಲೆಕ್ಕವನ್ನು ಮಾತ್ರ ಗುಡ್‌ಇಯರ್‌ಗಿಂತ ಚೆನ್ನಾಗಿ ಇಟ್ಟುಕೊಳ್ಳೋಣ. ಅವನ ಹೆಸರು ಗಾಲಿಗಳ ಮೇಲೆ ಉಳಿದಿದೆ. ಕ್ಲಾರಿಸ್ಸಾಳ ಹೆಸರು ಎಲ್ಲಿಯೂ ಇಲ್ಲ. ನಮ್ಮ ಕಾಲೇಜಿನ ಈ ಸಂಚಿಕೆಯಲ್ಲಿಯಾದರೂ ಅದು ಅವನ ಹೆಸರಿನ ಪಕ್ಕದಲ್ಲಿ ಇರಲಿ.